ಗಡಿಗೆಯ ಮೇಲಿನ ಸ್ಪೀಕರು

ರಾಘವೇಂದ್ರನ ಮನೆಯ ಟಿವಿಯಲ್ಲಿ ಚಿತ್ರ ಚೆನ್ನಾಗಿಯೇ ಬರುತ್ತಿತ್ತು. ಧ್ವನಿ ಮಾತ್ರ, ಸೊಲ್ಲಾಪುರಿ ಚಾದರವನ್ನು ಮುಸುಕು ಹಾಕಿಕೊಂಡವರು ಒಳಗಿನಿಂದ ಮಾತಾಡಿದ ಹಾಗೆ. ರಾಜ ಗುಡುಗಲಿ, ರಾಣಿ ಅಳಲಿ, ಋಷಿ ಕಮಂಡಲು ಎತ್ತಿ ಶಾಪ ಕೊಡಲಿ, ಹೊರಗೆ ಬರುತ್ತಿದ್ದದ್ದು ಒಂದೇ ಬುಳುಬುಳು.

ತೊಂಬತ್ತರ ದಶಕದ ನಡುವಿನ ಮಾತು ಇದು. ಭಾನುವಾರ ಬೆಳಿಗ್ಗೆ ಪುರಾಣದ ಧಾರಾವಾಹಿ ಶುರುವಾಯಿತೆಂದರೆ ಸೊಲ್ಲಾಪುರದ ಬೀದಿಗಳು ಕರ್ಫ್ಯೂ ಹಾಕಿದಂತೆ ಬಿಕೋ ಎನ್ನುತ್ತಿದ್ದವು. ಟಾಂಗಾದ ಕುದುರೆಗಳಿಗೆ ವಾರದಲ್ಲಿ ಅದೊಂದೇ ಹೊತ್ತು ಪುರುಸೊತ್ತು. ಚೌಪಾಡದ ಹಿಂದೆ ಆಗಿನ್ನೂ ನಾಲ್ಕಾರು ಸಂಸಾರಗಳಿದ್ದ ಆ ಹಳೆಯ ವಾಡೆ ಇತ್ತು. ಈಗ ಅಲ್ಲಿ ಮೂರಂತಸ್ತಿನ ಕಟ್ಟಡ ಎದ್ದಿದೆ, ಕೋಣೆಗೊಂದು ಟಿವಿ, ಟಿವಿಗೊಬ್ಬರು. ಆಗ ಹಾಗಲ್ಲ. ವಾಡೆಯ ಹೆಂಗಸರೆಲ್ಲ ತಲೆಗೆ ಎರೆದುಕೊಂಡು, ಒದ್ದೆ ಕೂದಲಿಗೆ ಟಾವೆಲು ಸುತ್ತಿಕೊಂಡು ರಾಘವೇಂದ್ರನ ಪಡಸಾಲೆಗೆ ಬಂದು ಕೂಡುತ್ತಿದ್ದರು. ಅವನ ತಾಯಿ ವೇಣೂಬಾಯಿ ಕಂಬಕ್ಕೆ ಆತು ನಡುವೆ. ಮಹಡಿಯ ಕಸ್ತೂರಬಾಯಿ ಆಕೆಯ ಬಲಕ್ಕೆ. ಹಿಂದಿನ ಕೋಣೆಯ ಗಂಗುಬಾಯಿ ಎಡಕ್ಕೆ, ಸೋಸಲು ತಂದ ಮೆಂತ್ಯದ ಸೊಪ್ಪಿನ ಸಮೇತ. ರಾಘವೇಂದ್ರ ಟಿವಿಯ ಪಕ್ಕದಲ್ಲಿ, ಅದಕ್ಕೆ ಕಿವಿ ಹಚ್ಚಿ.

“ಏನಂದನೋ ರಾಘೂ?” ಎಂದು ವೇಣೂಬಾಯಿ ಕೇಳಬೇಕು, ಸಹಕಾರಿ ಬ್ಯಾಂಕಿನ ಗುಮಾಸ್ತನಾದ ಅವನು ರಾಜನ ಮಾತನ್ನು ಕನ್ನಡಕ್ಕೆ ಇಳಿಸಿ ಹೇಳಬೇಕು. ಒಂದೂವರೆ ವರ್ಷದಿಂದ ಇದು ನಡೆದಿತ್ತು. ಅರ್ಧ ಮಾತು ಅವನಿಗೂ ಕೇಳುತ್ತಿರಲಿಲ್ಲ. ಕೇಳಿದ ಅರ್ಧವು ಮಡಿ ಉಟ್ಟ ಹಿಂದಿ, ಸುಲಭಕ್ಕೆ ಮುಟ್ಟಿಸಿಕೊಳ್ಳುವಂಥದ್ದಲ್ಲ. ಹೀಗಾಗಿ ಅವನು ಕೈಗೆ ಸಿಕ್ಕಿದ್ದನ್ನು ಹಾಕಿ ತುಂಬಿಸುತ್ತಿದ್ದ. ಅವನ ಕತೆಯಲ್ಲಿ ಕಿರಿರಾಣಿ ಮಗನ ಹೆಸರಿಗೆ ಇಡೀ ರಾಜ್ಯದ ಸಾತಬಾರಾ ಉತಾರಾ, ಅಂದರೆ ಜಮೀನಿನ ಪಹಣಿ, ಮಾಡಿಸಿಕೊಳ್ಳಲು ಹೊಂಚು ಹಾಕಿದ್ದಳು. ಮಂತ್ರಿ ಎರಡೂ ಕಡೆ ತಿಂದಿದ್ದ. ಸೇನಾಪತಿಗೆ ಬಡ್ತಿ ತಪ್ಪಿ, ಆ ಸಿಟ್ಟು ಒಳಗೇ ಕುದಿಯುತ್ತಿತ್ತು. ಬಡ್ತಿ ತಪ್ಪಿದ್ದು ನಿಜಕ್ಕೂ ರಾಘವೇಂದ್ರನಿಗೆ.

ಈಚೆಗೆ ಅವನಿಗೆ ಇದೆಲ್ಲ ಸಾಕಾಗಿತ್ತು. ಕಾರಣ, ಸೀತನಿ.

ಬ್ಯಾಂಕಿನಲ್ಲಿ ಪಕ್ಕದ ಮೇಜಿನ ಶಿವಶರಣಪ್ಪನದು ಅಕ್ಕಲಕೋಟ ಕಡೆಯ ಕುರನೂರ. ಹೊಳೆಯ ದಂಡೆಯಲ್ಲಿ ಜೋಳದ ಹೊಲ. ಕಾಳು ಇನ್ನೂ ಹಾಲು ತುಂಬಿರುವಾಗಲೇ ತೆನೆ ಮುರಿದು, ಕುಳ್ಳಿನ ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಶೇಂಗಾ ಚಟ್ನಿಯ ಜೊತೆ ಬಿಸಿಬಿಸಿ ತಿನ್ನುವ ಆ ಸೀತನಿಗೆ ಬ್ಯಾಂಕಿನವರೆಲ್ಲ ಹೋಗಿ ಬಂದಾಗಿತ್ತು. ರಾಘವೇಂದ್ರ ಧಾರಾವಾಹಿ ಮುಗಿಸಿ, ಬಸ್ಸು ಹಿಡಿದು, ಕುಂಭಾರಿ ದಾಟಿ ಅಲ್ಲಿ ಮುಟ್ಟುವ ಹೊತ್ತಿಗೆ ಉಳಿದಿರುತ್ತಿದ್ದದ್ದು ಬೂದಿ ಮತ್ತು ಖಾಲಿ ತೆನೆ.

“ರಾಘವೇಂದ್ರರಾವ್, ಇನ್ನೊಂದೆರಡು ವಾರ ಅಷ್ಟ ನೋಡ್ರಿ, ಆಮ್ಯಾಲೆ ಕಾಳ ಬಲೀತಾವ,” ಎಂದ ಶಿವಶರಣಪ್ಪ ಶನಿವಾರ. “ನಾಳಿ ಸ್ಕೂಟರ್ ತಗೊಂಡು ನಿಮ್ಮ ವಾಡೇದ ಮುಂದ ಹಾರ್ನ್ ಹೊಡೀತೀನಿ. ಬಂದ್ರ ಬರ್ರಿ, ಇಲ್ಲಂದ್ರ ಹೆಂಗಸರ ಜೋಡಿ ಕೂತು ಮೆಂತೆಪಲ್ಯ ಸೋಸ್ರಿ.”

“ನಾ ಎದ್ದ್ರ ಅವರಿಗೆ ಒಂದು ಅಕ್ಷರ ಕೇಳಸೂದಿಲ್ಲೋ ಮಾರಾಯ.”

“ನಿಮಗ ಕೇಳಸ್ತೈತೇನು?”

ರಾಘವೇಂದ್ರ ರಬ್ಬರ್ ಸ್ಟಾಂಪಿನ ಕಡೆ ನೋಡಿದ.

“ಒಂದು ಛಲೋ ಸ್ಪೀಕರ್ ಹಚ್ಚಸ್ರಿ. ಟಿವಿ ತಾನ ಮಾತಾಡಲಿ, ನೀವು ಸೂಟಿ ತಗೋರಿ.”

ಬುದ್ಧಿ ಚೆನ್ನಾಗಿತ್ತು. ಅದನ್ನು ವಾಡೆಯ ಬಾಗಿಲಲ್ಲಿ ಅಣ್ಣಾರಾಯರ ಮುಂದೆ ಬಾಯಿಬಿಟ್ಟದ್ದು ತಪ್ಪಾಯಿತು. ಕಸ್ತೂರಬಾಯಿಯ ಗಂಡ ಅಣ್ಣಾರಾಯರು ಬಟ್ಟೆ ಗಿರಣಿಯಿಂದ ನಿವೃತ್ತರಾದವರು. ಮಗ್ಗಗಳ ಗದ್ದಲದಲ್ಲಿ ವರ್ಷಗಟ್ಟಲೆ ಕೂಗಿ, ಈಗ ಪಕ್ಕದಲ್ಲಿ ಕೂತವರ ಜೊತೆಗೂ ಹೊಳೆಯ ಆಚೆ ದಂಡೆಯವರನ್ನು ಕರೆದಂತೆ ಮಾತಾಡುತ್ತಿದ್ದರು. ಧ್ವನಿಯ ವಿಷಯವೆಂದರೆ ತಮ್ಮದೇ ಖಾತೆಯೆಂದು ಅವರ ನಂಬಿಕೆ.

“ಒಬ್ಬನ ಹೋಗಬ್ಯಾಡ! ಫಸಾಯಿಸ್ತಾರ! ನಡಿ, ನಾ ಬರ್ತೀನಿ!”

ನವೀ ಪೇಟದ ಗಲ್ಲಿಯಲ್ಲಿದ್ದ ಸಾತಲಿಂಗಪ್ಪನ ಅಂಗಡಿ ನೋಡಲು ರೇಡಿಯೊಗಳ ಸರಕಾರಿ ದವಾಖಾನೆಯ ಹಾಗಿತ್ತು; ಹೊಟ್ಟೆ ಬಿಚ್ಚಿಕೊಂಡು ನೆಲದ ಮೇಲೂ ಮಲಗಿದ್ದವು.

“ಟಿವಿಗೆ ಮೂರು ನಮೂನಿ ಅದಾವ್ರಿ,” ಎಂದ ಸಾತಲಿಂಗಪ್ಪ. “ಎರಡು ಸಣ್ಣ ಪೆಟಿಗಿ ಹಚ್ಚಿದ್ರ ಮಾತು ಸ್ವಚ್ಛ ಬರ್ತಾವ. ಟೇಪಿನ ಡೆಕ್ ತಗೊಂಡ್ರ ಹಾಡೂ ಆಗ್ತಾವ. ಇಲ್ಲಾ, ನಾನ ಕೂಡಿಸಿದ್ದು ಆಂಪ್ಲಿಫಾಯರ್ ಐತಿ, ದೊಡ್ಡ ಸ್ಪೀಕರ್ ಸಂಗಾಟ.”

“ನನಗ ಮಾತು ಕೇಳಿದ್ರ ಸಾಕು. ಆ ಸಣ್ಣ ಪೆಟಿಗಿ...”

“ಹುಚ್ಚದಿಯೇನು!” ಅಣ್ಣಾರಾಯರ ಕೂಗಿಗೆ ಕಪಾಟಿನ ಮೇಲಿನ ರೇಡಿಯೊ ಒಂದು ಕ್ಷಣ ಗುಣವಾಗಿ ಮತ್ತೆ ಸುಮ್ಮನಾಯಿತು. “ಶಂಖ ಊದಿದ್ರ ಎದಿಗೆ ಬಡೀಬೇಕು! ಬಾಣ ಬಿಟ್ಟರ ಹಲ್ಲು ಅಲಗಾಡಬೇಕು! ದೊಡ್ಡ ಸ್ಪೀಕರ್ ಕೊಡೋ. ಪೆಟಿಗಿ ಬ್ಯಾಡ. ಗಡಿಗಿ ಮ್ಯಾಲ ಇಡ್ತೀವಿ!”

ಆ ಕಾಲಕ್ಕೆ ಅದು ಹೊಸ ಮಾತೇನಲ್ಲ. ಚಹಾದಂಗಡಿಯಿಂದ ಪಾನಪಟ್ಟಿಯವರೆಗೆ ಎಲ್ಲರೂ ಮಣ್ಣಿನ ಗಡಿಗೆಯ ಬಾಯಿಗೆ ಸ್ಪೀಕರನ್ನು ಬೋರಲು ಹಾಕುತ್ತಿದ್ದರು. ಗಡಿಗೆಯ ಹೊಟ್ಟೆ ಹೊಕ್ಕು ಬಂದ ಧ್ವನಿಗೆ ಪೈಲ್ವಾನನ ತಾಕತ್ತು ಬರುತ್ತಿತ್ತು. ರಾಘವೇಂದ್ರ ಬಾಯಿ ತೆರೆಯುವುದರೊಳಗೆ ಆಂಪ್ಲಿಫಾಯರು ಗೋಣಿಚೀಲದಲ್ಲಿ ಕೂತಾಗಿತ್ತು. “ಕಾಳಜಿ ಮಾಡಬ್ಯಾಡ್ರಿ, ಮುಂಜಾನೆ ನಾನ ಬಂದು ಜೋಡಸ್ತೀನಿ,” ಎಂದ ಸಾತಲಿಂಗಪ್ಪ.

ಭಾನುವಾರ ಅವನು ಬಂದು ಟಿವಿಯ ಬೆನ್ನು ಬಿಚ್ಚಿದ. ವಾಡೆಯವರು ಹೆಣ್ಣು ನೋಡಲು ಬಂದವರಂತೆ ಒಬ್ಬೊಬ್ಬರಾಗಿ ಇಣುಕಿ, ಏನೋ ಕಡಿಮೆಯಿದೆ ಎಂಬ ಮುಖ ಮಾಡಿ ಕೂತರು. ತಂತಿ ಬೆಸೆದು ಸ್ವಿಚ್ಚು ಒತ್ತಿದ್ದೇ, ಜೇನುಗೂಡಿಗೆ ಕಲ್ಲು ಬಿದ್ದಂತೆ ಸ್ಪೀಕರು ಗುಂಯ್ ಎಂದಿತು.

“ಅರ್ಥಿಂಗ್ ಇಲ್ಲ! ಒಂದು ವಾಯರ್ ತುಳಸಿಕಟ್ಟೀಗೆ ಕೊಡು!” ಎಂದರು ಅಣ್ಣಾರಾಯರು.

“ತುಳಸೀಗೆ ಕರೆಂಟ್ ಕೊಡ್ತೀರಾ?” ವೇಣೂಬಾಯಿ ಎದ್ದೇ ನಿಂತಳು. “ಮೊನ್ನೆ ಲಗ್ನ ಆಗ್ಯದ, ಪಾಪ, ಅದರದು!”

“ಹಂಗಲ್ರಿ ಅವ್ವಾರ,” ಸಾತಲಿಂಗಪ್ಪ ಸಮಾಧಾನ ಹೇಳಿದ. “ಹೆಚ್ಚಾದ ಕರೆಂಟ್ ಮಣ್ಣಿಗೆ ಹೋಗ್ತೈತಿ.”

“ಹೆಚ್ಚಾಗಿದ್ರ ಅಣ್ಣಾರಾಯರ ಮನೀಗೆ ಕಳಸು.”

ತಂತಿ ಕೊನೆಗೆ ಅಂಗಳದ ನುಗ್ಗೆ ಗಿಡದ ಬುಡಕ್ಕೆ ಹೋಯಿತು. ಗುಂಯ್ ನಿಂತಿತು. ಗಡಿಗೆಯನ್ನು ಅಣ್ಣಾರಾಯರೇ ತಮ್ಮ ಅಟ್ಟದಿಂದ ಹೊತ್ತು ತಂದಿದ್ದರು. “ಹಳೇ ಗಡಿಗಿ! ಇದರ ದನೀನ ಬ್ಯಾರೆ!” ಇಷ್ಟು ದಿನ ಅದರೊಳಗೆ ಏನಿತ್ತೆಂದು ಹೆಂಡತಿಯನ್ನು ಕೇಳುವುದು ಅವರಿಗೆ ಹೊಳೆದಿರಲಿಲ್ಲ. ಧಾರಾವಾಹಿಯ ಮೊದಲ ಶಂಖ ಮೊಳಗಿತು. ಗಡಿಗೆಯ ಕಂಠದಿಂದ ಕೆಂಪು ಧೂಳೊಂದು ಮೆಲ್ಲಗೆ ಮೇಲೆದ್ದಿತು.

“ಅಯ್ಯಯ್ಯ! ನನ್ನ ಖಾರಪುಡಿ ಗಡಿಗಿ!” ಎಂದು ಕೂಗಿದ ಕಸ್ತೂರಬಾಯಿಗೆ ಮುಂದಿನ ಮಾತು ಸೀನಿನಲ್ಲಿ ಹೋಯಿತು. ಪರದೆಯ ಮೇಲೆ ಋಷಿ ಕೈಯೆತ್ತಿ ಹರಸಿದ; ಇಡೀ ಪಡಸಾಲೆ ಅವನಿಗೆ ಸೀನಿ ಉತ್ತರ ಕೊಟ್ಟಿತು. ರಾಘವೇಂದ್ರನ ಹೆಂಡತಿ ಭಕ್ತಿ ಮೂಗಿಗೆ ಸೆರಗು ಕಟ್ಟಿ ಬಂದು, ಒದ್ದೆ ಬಟ್ಟೆಯಿಂದ ಗಡಿಗೆ ಒರೆಸಿ, ಯಾರನ್ನೂ ನೋಡದೆ ಒಳಗೆ ಹೋದಳು. ಆ ನೋಡದಿರುವಿಕೆ ಗಂಡನಿಗೆ ಚೆನ್ನಾಗಿ ಅರ್ಥವಾಯಿತು.

ಸ್ಪೀಕರು ಮತ್ತೆ ಗಡಿಗೆ ಏರಿತು. ಈಗ ಬಂತು ಧ್ವನಿ. ಒಂದೊಂದು ಅಕ್ಷರವೂ ಹುಣಸೆಹಣ್ಣು ಹಚ್ಚಿ ತಿಕ್ಕಿದ ತಂಬಿಗೆಯಂತೆ ಹೊಳೆಯುತ್ತಿತ್ತು. ರಾಜನ ಒಂದು ಹೂಂಕಾರಕ್ಕೆ ಗೂಡಿನೊಳಗಿನ ಕುಂಕುಮದ ಭರಣಿ ನಡುಗಿತು. ಹೆಂಗಸರು ಕಣ್ಣು ಕೀಲಿಸಿ ಕೂತರು. ಯಾರೂ “ಏನಂದ?” ಎನ್ನಲಿಲ್ಲ.

ಬೀದಿಯಲ್ಲಿ ಸ್ಕೂಟರಿನ ಹಾರ್ನ್ ಕೇಳಿಸಿತು. ರಾಘವೇಂದ್ರ ಮೆಲ್ಲಗೆ ಎದ್ದ. ಹೊಸ್ತಿಲು ದಾಟಿ ಒಂದು ಕಾಲನ್ನು ಚಪ್ಪಲಿಗೆ ಸೇರಿಸಿದ. ಮೂಗಿಗೆ ಕುಳ್ಳಿನ ಹೊಗೆ ಆಗಲೇ ಬಡಿದಂತಾಯಿತು.

ಆಗ ಮಂತ್ರಿ ಮಾತಾಡಿದ. ತಾನು ಹುಟ್ಟಿದಾಗಿನಿಂದ ಪರರ ಒಂದು ಕಾಳನ್ನೂ ಮುಟ್ಟಿದವನಲ್ಲ ಎಂದ. ರಾಜ ಹೌದೆಂದು ತಲೆಯಾಡಿಸಿದ. ಕಿರಿರಾಣಿ ಮುಂದೆ ಬಂದು, ಪಟ್ಟ ಅಕ್ಕನ ಮಗನಿಗೇ ಆಗಲಿ ಎಂದು ಸೆರಗೊಡ್ಡಿ ಬೇಡಿಕೊಂಡಳು. ಬಡ್ತಿ ತಪ್ಪಿದ್ದ ಸೇನಾಪತಿಯೋ, ರಾಜನ ಸ್ವಂತ ಅಳಿಯ, ಬಲು ಸುಖವಾಗಿದ್ದ.

ರಾಘವೇಂದ್ರನ ಇನ್ನೊಂದು ಕಾಲು ಚಪ್ಪಲಿಯ ಮೇಲೆ ಹಾಗೇ ನಿಂತಿತು. ಧ್ವನಿ ಸ್ವಚ್ಛವಾದರೆ ಒಂದೂವರೆ ವರ್ಷದ ತನ್ನ ಸುಳ್ಳುಗಳೂ ಸ್ವಚ್ಛವಾಗಿ ಕಾಣುತ್ತವೆಂಬ ಮಾತು ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ. ಒಳಗೆ ಗಂಗುಬಾಯಿಯ ಕೈ ಸೊಪ್ಪು ಸೋಸುವುದನ್ನು ನಿಲ್ಲಿಸಿತ್ತು.

“ರಾಘೂ,” ಎಂದಳು ವೇಣೂಬಾಯಿ, ತಿರುಗದೆಯೇ. “ಚಪ್ಪಲಿ ಬಿಟ್ಟು ಒಳಗ ಬಾ.”

ಬಂದು, ಬೆತ್ತದ ಏಟಿಗೆ ಕೈ ಚಾಚುವ ಹುಡುಗನ ಹಾಗೆ ನಿಂತ.

“ಈ ಮಂತ್ರಿ ರೊಕ್ಕ ತಿಂದಿದ್ದಲ್ಲೋ ರಾಘಪ್ಪ?” ಕಸ್ತೂರಬಾಯಿ ಕೇಳಿದಳು.

“ಅದು... ಸರಿ ಕೇಳಸ್ತಿದ್ದಿಲ್ಲ, ಕಾಕೂ... ಅಂದಾಜಲೆ...”

“ಮತ್ತ ಸಾತಬಾರಾ ಉತಾರಾ?” ಎಂದಳು ಗಂಗುಬಾಯಿ.

“ತಪ್ಪಾತ್ರಿ.”

“ನೀ ಸುಳ್ಳು ಹೇಳ್ತೀ ಅಂತ ನನಗ ಮೊದಲನೇ ವಾರನ ಗೊತ್ತಾಗಿತ್ತು,” ಎಂದಳು ವೇಣೂಬಾಯಿ. “ಹಿಂದೀ ಏನು ನಿನಗಷ್ಟ ಬರ್ತದ? ಭಾಂಡೆ ಮಾರಾಂವನ ಸಂಗಾಟ ಜನ್ಮ ಪೂರ್ತಿ ಜಗಳಾಡೀನಿ ನಾನು. ಛಲೋ ಹೇಳ್ಲಿಕತ್ತಾನಲ್ಲಾ ಅಂತ ಸುಮ್ಮನಿದ್ದೆ.”

“ನಮ್ಮನ್ಯಾಗ ಕಲರ್ ಟಿವಿ ಐತಿ, ಎಲ್ಲಾ ಚಂದ ಕೇಳಸ್ತೈತಿ,” ಎಂದಳು ಕಸ್ತೂರಬಾಯಿ. “ಅದನ್ನ ಬಿಟ್ಟು ಇಲ್ಲಿ ಬಂದು ಕೂಡೂದು ನಿಮ್ಮನಿ ಚಾದ ಸಲುವಾಗೇನು? ಇಲ್ಲಿ ನೋಡು ಈ ಖರೇ ಮಂತ್ರೀನ. ಆಗಿಂದ ಧರ್ಮ ಧರ್ಮ ಅನ್ನಾಕತ್ಯಾನ. ಇಂಥಾಂವ ಯಾರ ಊರಾಗ ಅದಾನ? ನಿನ್ನ ಮಂತ್ರಿ ನಮಗ ಭಾಳ ಗುರ್ತಿನ ಮನಶ್ಯಾ ಇದ್ದ.”

“ಏ ತಮ್ಮಾ,” ವೇಣೂಬಾಯಿ ಸಾತಲಿಂಗಪ್ಪನ ಕಡೆ ಬೆರಳು ಮಾಡಿದಳು, “ಅದರ ಬಾಯಿ ಬಂದ್ ಮಾಡು.”

ಸಾತಲಿಂಗಪ್ಪನ ಮುಖ ಬಾಡಿತು. ಆದರೆ ಅವನೂ ವ್ಯಾಪಾರಸ್ಥನೇ. ಚೀಲಕ್ಕೆ ಕೈ ಹಾಕಿದ. “ಆಂಪ್ಲಿಫಾಯರಿಗೆ ಮೈಕಿನ ತೂತೂ ಬಿಟ್ಟೀನ್ರಿ, ಅವ್ವಾರ,” ಎನ್ನುತ್ತ ಟಿವಿಯ ಧ್ವನಿ ಇಳಿಸಿ, ಮೈಕನ್ನು ರಾಘವೇಂದ್ರನ ಕೈಗೆ ಕೊಟ್ಟ.

ಹಾರ್ನ್ ಹೊಡೆದು ಬೇಸತ್ತ ಶಿವಶರಣಪ್ಪ ಬಾಗಿಲಿಗೇ ಬಂದ. “ಏನ್ರಿ, ಬರ್ತೀರೋ ಇಲ್ಲೋ?”

ಅಷ್ಟರಲ್ಲಿ ಗಡಿಗೆಯ ಹೊಟ್ಟೆಯಿಂದ ರಾಘವೇಂದ್ರನ ಧ್ವನಿ ಪೈಲ್ವಾನನಂತೆ ಎದ್ದು ಬಂತು. “ಮಂತ್ರಿ ಅಂದಾ... ಮಹಾರಾಜರ, ಈ ಸಹಿ ನಂದಲ್ಲ!”

ಶಿವಶರಣಪ್ಪ ಹೊಸ್ತಿಲ ಮೇಲೇ ನಿಂತ. “ಮತ್ತ ಯಾರದು?” ಎಂದು ಕೇಳಿ, ಗಂಗುಬಾಯಿಯ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತ.

ಮುಂದಿನ ಭಾನುವಾರ ರಾಘವೇಂದ್ರ ಕೊನೆಗೂ ಸೀತನಿಯ ಹೊತ್ತಿಗೆ ಕುರನೂರಿನ ಹೊಲ ಮುಟ್ಟಿದ. ಸ್ಕೂಟರಿನ ಮೇಲಲ್ಲ, ಶಿವಶರಣಪ್ಪ ಕಳಿಸಿದ ಟ್ರ್ಯಾಕ್ಟರಿನಲ್ಲಿ. ಜೊತೆಗೆ ಟಿವಿ, ಆಂಪ್ಲಿಫಾಯರು, ಗಡಿಗೆ ಮತ್ತು ಇಡೀ ವಾಡೆ. ಪಂಪಿನ ಕೋಣೆಯಿಂದ ಕರೆಂಟು ಎಳೆದಿದ್ದರು. ಬದುವಿನುದ್ದಕ್ಕೂ ಊರ ಜನ. ಕುಳ್ಳಿನ ಹೊಗೆ ಎಳೆಬಿಸಿಲಿನಲ್ಲಿ ನೀಲಿಯಾಗಿ ಏರುತ್ತಿತ್ತು. ಹಸಿರು ಸೀತನಿ ಹಬೆಯಾಡುತ್ತ ಕೈಯಿಂದ ಕೈಗೆ ಹೋಗುತ್ತಿತ್ತು. ಮೈಕು ಹಿಡಿದು ಕೂತಿದ್ದ ರಾಘವೇಂದ್ರನ ಕಡೆಗೂ ಯಾರೋ ಒಂದು ಹಿಡಿ ಚಾಚಿದರು. ಅವನು ಆಸೆಯಿಂದ ಅಂಗೈ ಒಡ್ಡಿದ.

ವೇಣೂಬಾಯಿ ಅದನ್ನು ನಡುದಾರಿಯಲ್ಲೇ ತೆಗೆದುಕೊಂಡು ತನ್ನ ಬಾಯಿಗೆ ಹಾಕಿಕೊಂಡಳು.

“ಬಾಯಾಗ ಏನೂ ಇಟ್ಕೋಬ್ಯಾಡ, ರಾಘೂ. ಮಾತು ಸ್ವಚ್ಛ ಕೇಳಸೂದಿಲ್ಲ.”