ಮಗಳ ಕೂದಲಿಗೆ ಗಂಜಿ ಹಾಕಿದ್ದು

ಕೈಯಲ್ಲಿ ಕಸಬು ಇರುವವನಿಗೆ ಒಂದು ಕಾಯಿಲೆ ಇರುತ್ತದೆ. ಲೋಕದಲ್ಲಿ ಕೆಟ್ಟುಹೋದದ್ದೆಲ್ಲ ತನ್ನ ಕೈಗೆ ಬಂದರೆ ಸರಿಹೋಗುತ್ತದೆಂದು ಅವನು ನಂಬಿರುತ್ತಾನೆ. ನನಗೆ ಈ ಕಾಯಿಲೆ ಹನ್ನೊಂದನೆಯ ವಯಸ್ಸಿಗೇ ಅಂಟಿತು. ಆಗ ನಮ್ಮಪ್ಪ ಸ್ಲೇಟು ಬಿಡಿಸಿ ನನ್ನನ್ನು ಮಗ್ಗದ ಗುಂಡಿಗೆ ಇಳಿಸಿದರು. ಅಂದಿನಿಂದ ಇಂದಿನವರೆಗೆ, ನಾನು ನೇಯ್ದ ಸೀರೆಯಲ್ಲಿ ಒಂದು ಎಳೆ ತಪ್ಪಿದೆಯೆಂದು ದೊಡ್ಡಬಳ್ಳಾಪುರದಲ್ಲಿ ಯಾರೂ ಅಂದಿಲ್ಲ. ಈಚೆಗೆ ಗುಂಡಿ ಮಗ್ಗ ತೆಗೆದು ಕರೆಂಟಿನ ಮಗ್ಗ ಹಾಕಿಸಿದ್ದೇನೆ. ಅದು ಕೆಟ್ಟರೆ, ಬೆಂಗಳೂರಿಂದ ಮೇಸ್ತ್ರಿ ಬರುವುದರೊಳಗೆ ನಾನೇ ಬಿಚ್ಚಿ ಜೋಡಿಸಿರುತ್ತೇನೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಮುಂದೆ ಹೇಳಬೇಕಾದದ್ದರಲ್ಲಿ ಹೆಮ್ಮೆಗೆ ಜಾಗವಿಲ್ಲ, ಅದಕ್ಕೇ ಮೊದಲೇ ಮುಗಿಸಿಕೊಂಡೆ.

ನನ್ನ ಮಗಳು ನಾಗುವಿಗೆ ತ್ಯಾಮಗೊಂಡ್ಲಿನ ಒಂದು ಮನೆಯಲ್ಲಿ ಸಂಬಂಧ ಗೊತ್ತಾಗಿತ್ತು. ಹುಡುಗನ ತಾಯಿ ತಿಮ್ಮಕ್ಕ ಹೆಣ್ಣು ನೋಡಲು ಬಂದಾಗ ನಾಗುವಿನ ಜಡೆಯನ್ನು ಅಂಗೈಯಲ್ಲಿ ತೂಗಿ ನೋಡಿ, "ಇದಕ್ಕೆ ಹೂವು ಮುಡಿಸೋಕೆ ಒಂದು ತೋಟಾನೇ ಬೇಕಲ್ರಪ್ಪಾ" ಎಂದು ನಕ್ಕಿದ್ದರು. ತಾಂಬೂಲ ಬದಲಾಯಿಸಿಕೊಂಡೆವು. ಹದಿನೈದು ದಿನಕ್ಕೆ ನಾಗುವಿಗೆ ವಿಷಮಶೀತ ಜ್ವರ ಹಿಡಿಯಿತು. ನಲವತ್ತು ದಿನ ಮಲಗಿದಳು. ಉಳಿಯುತ್ತಾಳೆಂದು ನಾನು ನಂಬಿರಲಿಲ್ಲ. ಮಗ್ಗ ನಿಲ್ಲಿಸಿ, ಅವಳ ಉಸಿರು ಎಣಿಸುತ್ತ ಗೋಡೆಗೆ ಒರಗಿ ಕೂತಿರುತ್ತಿದ್ದೆ. ಎದ್ದಳು. ಆದರೆ ಕೂದಲನ್ನೆಲ್ಲ ಹಾಸಿಗೆಯ ಮೇಲೆ ಬಿಟ್ಟು ಎದ್ದಳು. ಕೆಲವು ತಿಂಗಳಲ್ಲಿ ಹೊಸ ಕೂದಲು ಬಂತು. ಬಂದದ್ದು ಕುರಿಮರಿಯ ಮೈಯಂತೆ ಗುಂಗುರು ಗುಂಗುರಾಗಿ, ಕಿವಿಯಿಂದ ನಾಲ್ಕು ಬೆರಳು ಕೆಳಕ್ಕೆ.

ಜ್ವರದ ವಿಷಯವನ್ನು ನಾನು ಬೀಗರಿಗೆ ತಿಳಿಸಿರಲಿಲ್ಲ. ಅವರು ಹೇಳಿ ಕಳಿಸಿದಾಗೆಲ್ಲ, ಹುಡುಗಿ ಕುಂದಾಣಕ್ಕೆ ಅಜ್ಜಿಯ ಮನೆಗೆ ಹೋಗಿದ್ದಾಳೆ ಎನ್ನುತ್ತಿದ್ದೆ. ಅಜ್ಜಿ ತೀರಿಕೊಂಡು ಆರು ವರ್ಷವಾಗಿತ್ತು.

"ಹೇಳ್ಬಿಡಿ ಅಂದ್ರೆ. ಜ್ವರ ಯಾರ ಮನೇಲಿ ಬರಲ್ಲ?" ಎಂದಳು ನನ್ನ ಹೆಂಡತಿ ಚೆನ್ನಮ್ಮ.

"ಹೇಳಿದ್ರೆ ಹೆಣ್ಣು ಸವೆದು ಹೋಗಿದೆ ಅಂತಾರೆ. ನನ್ನ ಮನೆಯಿಂದ ಕುಂದಿರೋ ಸರಕು ಇದುವರೆಗೂ ಹೊರಗೆ ಹೋಗಿಲ್ಲ."

"ಅವಳು ಸರಕಾ?" ಎಂದು ಕೇಳಿ ಚೆನ್ನಮ್ಮ ಒಳಗೆ ಹೋದಳು. ಉತ್ತರ ಬೇಡವಾದಾಗ ಮಾತ್ರ ಅವಳು ಹಾಗೆ ಒಳಗೆ ಹೋಗುವುದು.

ಇಷ್ಟರಲ್ಲಿ, ಮದುವೆಯ ಬಳೆಗೆ ಕೈ ಅಳತೆ ತೆಗೆಯಲು ಶುಕ್ರವಾರ ಬರುತ್ತೇನೆಂದು ತಿಮ್ಮಕ್ಕನಿಂದ ಕಾಗದ ಬಂತು. ಚೌರಿ ತಂದು ಕಟ್ಟಿಸಿದೆ. ಚೌರಿಯ ಕೂದಲು ನೆಟ್ಟಗೆ, ತಲೆಯದು ಸುರುಳಿ. ಕುರಿಯ ಕುತ್ತಿಗೆಗೆ ಬಾವಿಹಗ್ಗ ಕಟ್ಟಿದ ಹಾಗೆ ಕಾಣಿಸಿತು. ನಾಗು ಕನ್ನಡಿ ನೋಡಿ ನಕ್ಕಳು. ನಾನು ನಗಲಿಲ್ಲ.

ಬಸ್ ನಿಲ್ದಾಣದ ಹತ್ತಿರ ಹಳೇ ಸಾಮಾನಿನ ಅಂಗಡಿ ಇಟ್ಟಿರುವ ರಹಮಾನ್ ಸಾಹೇಬರು ನನ್ನ ಸ್ನೇಹಿತರು. ಬಿಳಿಯರು ಗಂಟುಮೂಟೆ ಕಟ್ಟಿಕೊಂಡು ಹೊರಟಿದ್ದ ಸಮಯ. ಬೆಂಗಳೂರಿನ ದಂಡಿನಲ್ಲಿ ದೊರೆಸಾನಿಯರು ಮಾರಿ ಹೋದದ್ದೆಲ್ಲ ಸಾಹೇಬರ ಅಂಗಡಿಗೆ ಬರುತ್ತಿತ್ತು. ಆ ರಾಶಿಯಲ್ಲಿ ಪಿಸ್ತೂಲಿನಂಥ ಒಂದು ಯಂತ್ರ ಕಂಡೆ. ಮರದ ಹಿಡಿ, ಹೊಳೆಯುವ ಮೂತಿ.

"ಇದೇನು ಸಾಹೇಬರೇ?"

"ಕೂದಲು ಒಣಗ್ಸೋದು ಉಸ್ತಾದ್. ಕರೆಂಟ್ ಕೊಟ್ರೆ ಬಿಸಿ ಗಾಳಿ ಬಿಡ್ತದೆ. ಮೇಮ್‌ಸಾಬ್‌ಗಳು ಬಾಚ್ಕೊಂಡು ಬಾಚ್ಕೊಂಡು ಗಾಳಿ ಹಿಡಿದ್ರೆ ಸುರುಳಿ ಹೋಗಿ ಸೀದಾ ಆಗ್ತದಂತೆ. ನಾನು ನೋಡಿಲ್ಲ. ನನ್ನ ತಲೇಲಿ ಇರೋದು ನಾಲ್ಕು, ಅವನ್ನ ನಾನು ಹೆದರ್ಸೋದಿಲ್ಲ."

ಬಾಚಿ, ಎಳೆದು, ಒಣಗಿಸುವುದು. ನೇಕಾರನಿಗೆ ಇದನ್ನು ದೊರೆಸಾನಿ ಕಲಿಸಬೇಕೇ? ಸೀರೆಯ ಉದ್ದದ ಎಳೆಗಳನ್ನು, ಅಂದರೆ ಹಾಸನ್ನು, ಬೀದಿಯಲ್ಲಿ ಹಿಡಿದಾಗ ನಾವು ಮಾಡುವುದು ಇದೇ. ಹುರಿ ಹೆಚ್ಚಾಗಿ ಸುತ್ತಿಕೊಳ್ಳುವ ನೂಲಿಗೆ ಗಂಜಿ ಬಳಿದು, ಎರಡು ಕಡೆ ಬಿಗಿದು, ಕುಂಚದಿಂದ ಎಳೆದು ಒಣಗಿಸಿದರೆ ಎಂಥ ಮೊಂಡ ಎಳೆಯೂ ನೆಟ್ಟಗಾಗುತ್ತದೆ. ದೊರೆಸಾನಿಯರಿಗೆ ಗಂಜಿ ಹಾಕುವುದು ತಿಳಿಯದು, ಅಷ್ಟೇ. ಯಂತ್ರವನ್ನು ಕೊಂಡು, ದಾರಿಯುದ್ದಕ್ಕೂ ಅವರ ಅಜ್ಞಾನಕ್ಕೆ ಮರುಗುತ್ತ ಮನೆಗೆ ಬಂದೆ.

ಶುಕ್ರವಾರ ಬೆಳಿಗ್ಗೆ ನಾಗುವನ್ನು ಮಗ್ಗದ ಪಕ್ಕ ಕೂರಿಸಿ, ಕೂದಲಿಗೆ ತೆಳ್ಳಗೆ ಗಂಜಿ ಸವರಿದೆ. ಒಂದೊಂದು ಕುಚ್ಚಿನ ತುದಿಗೂ ದಾರ ಕಟ್ಟಿ, ದಾರವನ್ನು ಕಂಬದ ಮೊಳೆಗಳಿಗೆ ಬಿಗಿದೆ.

"ಅಪ್ಪಾ, ಕತ್ತು ಎಳೀತದೆ."

"ಎಳೀಬೇಕು. ಎಳೀದೆ ಇದ್ರೆ ನೆಟ್ಟಗಾಗಲ್ಲ."

"ಕತ್ತು ಆಗ್ಲೇ ನೆಟ್ಟಗಿದೆಯಲ್ಲಪ್ಪಾ."

ಮಗ್ಗದ ತಂತಿಯಿಂದ ಕರೆಂಟು ಕೊಟ್ಟೆ. ಯಂತ್ರ ಗುರ್ ಎಂದು ಬಿಸಿ ಉಗುಳಿತು. ನಾನು ಸುಳ್ಳು ಹೇಳುವುದಿಲ್ಲ, ಮೊದಲ ಮೂರು ಕುಚ್ಚು ಬಾಣದ ಹಾಗೆ ನಿಂತವು. ಕಪ್ಪು ರೇಷ್ಮೆಯಂತೆ ಮಿಂಚಿದವು. ನನಗೆ ತಡೆಯಲಾಗಲಿಲ್ಲ. "ಏ ಚೆನ್ನಿ, ಬಾ ಇಲ್ಲಿ. ಸರಕಾ ಅಂದ್ಯಲ್ಲ, ಬಂದು ನೋಡು" ಎಂದು ಅಡಿಗೆಮನೆಯತ್ತ ತಿರುಗಿದೆ. ಅವಳು ಕೈ ಒರೆಸಿಕೊಂಡು ಬರುವಷ್ಟು ಹೊತ್ತು ತಿರುಗಿಯೇ ನಿಂತಿದ್ದೆ, ಕೈಯಲ್ಲಿದ್ದ ಯಂತ್ರದ ಮೂತಿ ಮಾತ್ರ ಕೂದಲಿನ ಮೇಲೇ ಇತ್ತು. ಮೊದಲು ದೋಸೆ ಸೀದ ವಾಸನೆ ಬಂತು, ಅದು ಗಂಜಿ. ಆಮೇಲೆ ಕೊಂಬು ಸುಟ್ಟ ವಾಸನೆ ಬಂತು. ನಾಗು ಕೂಗಿದಳು. ಎದ್ದು ಓಡೋಣವೆಂದರೆ ತಲೆಯನ್ನು ನಾನು ಕಂಬಕ್ಕೆ ಕಟ್ಟಿದ್ದೆ.

ಚೆನ್ನಮ್ಮ ಕುಡುಗೋಲಿನಿಂದ ದಾರಗಳನ್ನು ಕತ್ತರಿಸಿದಳು. ಬಲಗಿವಿಯ ಮೇಲೆ ಅಂಗೈಯಗಲ ಕೂದಲು ಹೋಗಿತ್ತು, ಚರ್ಮ ಕೆಂಪಗೆ ಎದ್ದಿತ್ತು. ನಾಗು ಅಳಲಿಲ್ಲ. ನೆಲಕ್ಕೆ ಬಿದ್ದಿದ್ದ ಕೂದಲನ್ನು ಆರಿಸಿ ನನ್ನ ಕೈಗೆ ಕೊಟ್ಟು, "ಕಡಿದ ಎಳೆ ಗಂಟು ಹಾಕ್ತೀರಲ್ಲ, ಇದನ್ನೂ ಹಾಕ್ತೀರಾ ಅಪ್ಪಾ?" ಎಂದಳು. ಮೂವತ್ತು ವರ್ಷ ಎಳೆ ಹಿಡಿದ ಕೈಯಿಂದ ಅದನ್ನು ಕಾಗದದಲ್ಲಿ ಸುತ್ತಿ ಎತ್ತಿಟ್ಟೆ.

ಮಧ್ಯಾಹ್ನದ ಬಸ್ಸಿಗೆ ತಿಮ್ಮಕ್ಕ ಬಂದರು. ನಾಗು ತಲೆತುಂಬ ಸೆರಗು ಹೊದ್ದು ಬಂದು ನಮಸ್ಕರಿಸಿದಳು. ತಿಮ್ಮಕ್ಕ ಮೆಲ್ಲಗೆ ಸೆರಗು ಸರಿಸಿ ನೋಡಿದರು. "ಒಲೆ ಹತ್ರ ಕಿಡಿ ಹಾರಿ..." ಎಂದು ನಾನು ಶುರುಮಾಡಿದೆ.

"ಸಾಕು ಬಿಡಪ್ಪಾ" ಎಂದರು ಅವರು. "ಜ್ವರ ಬಂದಿದ್ದು ನಮಗೆ ಆಗ್ಲೇ ಗೊತ್ತು. ನಿಮ್ಮೂರಿಂದ ನಮ್ಮೂರಿಗೆ ಜನ ಓಡಾಡಲ್ವಾ? ಉಳೀತಲ್ಲ ಕೂಸು ಅಂತ ಕೈ ಮುಗಿದೆ. ನೀವು ಇವತ್ತು ಹೇಳ್ತೀರಿ, ನಾಳೆ ಹೇಳ್ತೀರಿ ಅಂತ ಕಾದೆ. ಒಂದು ಮಾತು ಕೇಳ್ತೀನಿ. ನಾಳೆ ನಮ್ಮನೇಲಿ ಇವಳಿಗೆ ಕಾಯಿಲೆ ಬಿತ್ತು ಅನ್ನಿ. ನಾವು ನಿಮಗೆ ಹೇಳ್ಬೇಕೋ, ಅಜ್ಜಿ ಮನೆಗೆ ಹೋಗವ್ಳೆ ಅನ್ಬೇಕೋ?"

ಅವರೇ ಬೆಣ್ಣೆ ತರಿಸಿ ನಾಗುವಿನ ಸುಟ್ಟ ಜಾಗಕ್ಕೆ ಹಚ್ಚಿದರು. ಊಟ ಮಾಡಿದರು. ಬಳೆ ಅಳತೆ ಮಾತ್ರ ತೆಗೆದುಕೊಳ್ಳಲಿಲ್ಲ. "ಕೂದಲು ಬೆಳೀಲಿ, ಆಮೇಲೆ ಮಾತಾಡೋಣ" ಎಂದು ಹೊರಟರು.

ಇದಾಗಿ ಎಂಟು ತಿಂಗಳಾಯಿತು. ನಾಲ್ಕು ದಿನಕ್ಕೆ ಒಂದು ಸೀರೆ ಇಳಿಸುವ ನಾನು ಒಂದು ಗೇಣು ಕೂದಲನ್ನು ಅವಸರಪಡಿಸಲಾರೆ. ಬೆಳಿಗ್ಗೆ ಎದ್ದರೆ ಕಣ್ಣು ಅವಳ ಬಲಗಿವಿಯ ಕಡೆಗೇ ಹೋಗುತ್ತದೆ. "ದಿನಾ ಹಂಗೆ ನೋಡ್ಬೇಡಿ ಅಪ್ಪಾ, ಹೆದರಿ ಒಳಕ್ಕೆ ಹೋಗ್ಬಿಡ್ತದೆ" ಎನ್ನುತ್ತಾಳೆ ನಾಗು. ಕೂದಲು ಭುಜಕ್ಕೆ ಬಂದ ದಿನ ಹಬ್ಬಕ್ಕೆಂದು ಹೇಳಿ, ತಿಮ್ಮಕ್ಕ ಅಳತೆ ತೆಗೆಯದೆ ಬಿಟ್ಟ ಕೈಗೆ ಹಸಿರು ಬಳೆ ಇಡಿಸಿಕೊಂಡು ಬಂದಳು.

ಹೋದ ವಾರ ನೂಲಿನ ಅಂಗಡಿಯಲ್ಲಿ ಒಬ್ಬರು ಹೇಳಿದರು. ತ್ಯಾಮಗೊಂಡ್ಲಿನ ಆ ಹುಡುಗನಿಗೆ ಆವತಿಯಲ್ಲಿ ಹೆಣ್ಣು ಗೊತ್ತಾಗಿದೆಯಂತೆ, ಲಗ್ನವನ್ನೂ ಇಟ್ಟುಕೊಂಡಿದ್ದಾರಂತೆ. ಕೇಳಿಕೊಂಡು ಮನೆಗೆ ಬಂದೆ. ಚೆನ್ನಮ್ಮ, "ಏನು, ಮುಖ ಹಂಗಿದೆ?" ಎಂದಳು. "ಬಿಸಿಲು" ಎಂದೆ. ಮನೆಯಲ್ಲಿ ಇನ್ನೂ ಹೇಳಿಲ್ಲ. ನಿಮಗೆ ಹೇಳಿದೆ, ಏಕೆಂದರೆ ನೀವು ನನ್ನ ಮುಖ ನೋಡುತ್ತಿಲ್ಲ. ಇದು ಅಚ್ಚಾಗಿ ಬರುವುದರೊಳಗೆ ಹೇಗಾದರೂ ಬಾಯಿ ಬಿಡಬೇಕು. ನಾಗು ನನಗಿಂತ ಮೂರು ಕ್ಲಾಸು ಹೆಚ್ಚು ಓದಿದ್ದಾಳೆ. ಮನೆಗೆ ಬಂದ ಪತ್ರಿಕೆಯನ್ನು ಮೊದಲು ಬಿಚ್ಚುವವಳೂ ಅವಳೇ.