ಲಂಡನ್ನಿನ ನೆಲದಡಿ ಹುಕ್ಕೇರಿ ಚಪ್ಪಲಿ

ಲಂಡನ್ನಿನ ನಟ್ಟನಡುವಿನ ನೆಲದಡಿಯ ರೈಲು ನಿಲ್ದಾಣದಿಂದ, ಹುಕ್ಕೇರಿ ಸಂತೆಯಲ್ಲಿ ಕೊಂಡ ಒಂದು ಜೋಡು ಚಪ್ಪಲಿ ಕಾಣೆಯಾಗಿದೆ. ಅಲ್ಲಿನ ಪತ್ರಿಕೆಗಳು ಈ ಸುದ್ದಿಯನ್ನು ಹಾಕಲಿಲ್ಲವಾದ್ದರಿಂದ ನಾನೇ ಬರೆಯಬೇಕಾಗಿದೆ. ನಮ್ಮೂರವರು ಹೊರಗೆ ಹೋದರೆ ಇಂಥವು ಆಗುತ್ತಲೇ ಇರುತ್ತವೆ. ಆ ಸಲ ಒಂದೇ ಮುಂಜಾನೆ ಮೂರು ಆದವು.

ಚಪ್ಪಲಿ ಗೋಕಾಕದಲ್ಲಿ ಕಟ್ಟಿಗೆಯ ಹಣ್ಣು ಮಾಡಿ ಬಣ್ಣ ಹಚ್ಚುವ ಕಾಕಾ ಅವರದು. ಲಂಡನ್ನಿನ ಕರಕುಶಲ ಪ್ರದರ್ಶನಕ್ಕೆ ಅವರನ್ನು ಕರೆಸಿದ್ದರು. ಇಂಗ್ಲಿಷ್ ಬಲ್ಲ ಸಾಲಿ ಮಾಸ್ತರನೆಂದು ನನ್ನನ್ನು ಜೊತೆಗೆ ಕಳಿಸಿದ್ದರು. ಅಂದು ಹತ್ತು ಗಂಟೆಗೆ ಬಹುಮಾನ ಕೊಡುವ ಪರೀಕ್ಷಕರು ಬರುವವರಿದ್ದರು. ಅಷ್ಟರೊಳಗೆ ಕಾಕಾ ಹೊತ್ತು ತಂದ ಬುಟ್ಟಿಯ ಹನ್ನೆರಡು ಹಣ್ಣೂ ಒಂದು ಗೀರಿಲ್ಲದೆ ಮೇಜಿನ ಮೇಲಿರಬೇಕು. ಇಲ್ಲವಾದರೆ ಕಾಕಾ ಸಮುದ್ರ ದಾಟಿದ್ದೇ ದಂಡ.

೧. ಮೆಟ್ಟಿಲು

ತಾನಾಗಿಯೇ ಕೆಳಗಿಳಿಯುವ ಮೆಟ್ಟಿಲು ಕಂಡು ಕಾಕಾ ಬೆರಗಾಗಲಿಲ್ಲ. ಚಪ್ಪಲಿ ಬಿಟ್ಟು, ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾನು ಬಾಯಿ ತೆರೆಯುವಷ್ಟರಲ್ಲಿ ಅದು ನಮ್ಮಿಬ್ಬರನ್ನೂ ಕೆಳಗೆ ಒಯ್ದಿತ್ತು. ಚಪ್ಪಲಿ ಮೇಲೆಯೇ ಉಳಿಯಿತು.

"ಚಪ್ಲಿ ಯಾಕ ಬಿಟ್ರಿ, ಕಾಕಾ?"

"ಇಷ್ಟು ಆಳ ಇಳೀತಾರಂದ್ರ ಕೆಳಗ ಯಾರೋ ಮಹಾತ್ಮರ ಸಮಾಧಿ, ಗದ್ದಿಗಿ ಇರಬೇಕಲ್ರಿ, ಮಾಸ್ತರ?"

"ಗದ್ದಿಗಿ ಇಲ್ರಿ. ರೈಲು ಐತಿ."

ಕಾಕಾ ಮರುಗಿದರು. "ಪಾಪ, ರೈಲನ್ನ ಯಾಕ ಹುಗದಾರ?"

೨. ಗಾರ್ಡ್

ಗಾಡಿ ಬಂತು. ಕಾಕಾ ಒಂದು ಕಾಲು ಬಾಗಿಲಲ್ಲಿಟ್ಟು ಗಾರ್ಡಿಗೆ ಕೈ ಮುಗಿದರು. "ಸಾಹೇಬ್ರ, ಒಂದೀಟ ತಡೀರಿ. ಮ್ಯಾಲೆ ಹೋಗಿ ಚಪ್ಲಿ ತರ್ತೇನಿ." ನಮ್ಮ ಕಡೆಯ ಗಾರ್ಡ್ ಇದಕ್ಕಿಂತ ಸಣ್ಣ ಕಾರಣಕ್ಕೂ ಗಾಡಿ ನಿಲ್ಲಿಸಿದ್ದಾನೆ. ಇವನು ಕಾಕಾರನ್ನು ಹಿಂದೆ ಸರಿಸಿ ಹೊರಟೇ ಬಿಟ್ಟ. ಚಪ್ಪಲಿಗೆಂದು ಮೇಲೆ ಹೋಗಿ ಬರಲು ಹೊತ್ತಿರಲಿಲ್ಲ; ನಾನು ಗಡಿಯಾರ ನೋಡುತ್ತ ಚಡಪಡಿಸಿದೆ. ಎರಡು ಮಿನಿಟಿಗೆ ಇನ್ನೊಂದು ಗಾಡಿ ಬಂತು. ಜನ ಅದನ್ನು ಹಿಡಿಯಲು ಓಡಿದರು.

"ನಮ್ಮಲ್ಲಿ ದಿನಕ್ಕ ಎರಡ ಗಾಡಿ, ಯಾರೂ ಓಡೂದಿಲ್ಲ," ಎಂದರು ಕಾಕಾ. "ಇಲ್ಲಿ ಎರಡ ಮಿನಿಟಿಗೊಂದು. ಇವ್ರಿಗೇನ ಅವಸರ?"

೩. ಊಟ

ಆ ಗಾಡಿ ಹತ್ತಿ ಕೂತ ಮೇಲೆ ಕಾಕಾಗೆ ಹಸಿವಾಯಿತು. ಊರಿನಿಂದ ತಂದಿದ್ದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಚಟ್ನಿಪುಡಿಯ ಗಂಟು ಬಿಚ್ಚಿದರು. ಬಾಜೂದವರನ್ನು ಕರೆಯದೆ ಉಣ್ಣುವ ರೂಢಿ ನಮ್ಮಲ್ಲಿಲ್ಲ. "ಬರ್ರಿ, ಊಟ ಮಾಡೂಣು," ಎಂದು ಒಬ್ಬೊಬ್ಬರನ್ನೂ ಕರೆದರು. ಎಲ್ಲರೂ ಪತ್ರಿಕೆಯನ್ನು ಇನ್ನಷ್ಟು ಮೇಲೆತ್ತಿದರು.

"ಮಾಸ್ತರ, ಬ್ಯಾಡ ಅಂತಾದ್ರೂ ಅನ್ನಾಕ ಹೇಳ್ರಿ. ಹಸಿವಾಗೇತಿ."

ನಾನು ಇಂಗ್ಲಿಷಿನಲ್ಲಿ ವಿನಂತಿಸಿದೆ. ಎದುರಿನ ಮುದುಕ ಸಾಹೇಬನೊಬ್ಬ ಪತ್ರಿಕೆ ಇಳಿಸಿ ನಕ್ಕ. ರೊಟ್ಟಿಯನ್ನು ನೋಡಿ ಕೈ ಹಿಂದೆಗೆದ. ಬುಟ್ಟಿಯೊಳಗಿನ ಮಾವಿನ ಹಣ್ಣನ್ನು ಎತ್ತಿಕೊಂಡು, ನಾನು ತಡೆಯುವ ಮೊದಲೇ ಕಚ್ಚಿದ. ಕಟ್ ಎಂದಿತು. ಹಣ್ಣಿನ ಮೇಲೆ ಎರಡು ಹಲ್ಲಿನ ಗುರುತು ಮೂಡಿತು.

ಕಾಕಾ ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿದರು. "ಬ್ಯಾಡ ಅಂದಿದ್ರ ಮುಗೀತಿತ್ತಲ್ರಿ, ಅಜ್ಜಾ."

ಹತ್ತಕ್ಕೆ ಸರಿಯಾಗಿ ಪ್ರದರ್ಶನಕ್ಕೆ ಮುಟ್ಟಿದೆವು. ಕಾಕಾ ಹಲ್ಲಿನ ಗುರುತು ಕೆಳಗೆ ಬರುವಂತೆ ಹಣ್ಣು ಜೋಡಿಸಿದರು. ಪರೀಕ್ಷಕರು ಅದನ್ನೇ ಎತ್ತಿ, ಇದೇನೆಂದು ಕೇಳಿದರು. ಸಾಹೇಬನೊಬ್ಬ ನಿಜದ ಹಣ್ಣೆಂದು ಕಚ್ಚಿದ್ದನ್ನು ಹೇಳಿದೆ. ಅವರು ಉಳಿದ ಹನ್ನೊಂದನ್ನು ಮುಟ್ಟಲಿಲ್ಲ.

ಸಂಜೆ ಬೆಳ್ಳಿ ಪದಕ ಬಂತು. ಚಪ್ಪಲಿ ಸಿಗಲಿಲ್ಲ.