ನಲವತ್ತನೆಯ ನಿಮಿಷ

ವಿಭಾಗದ ಮುಖ್ಯಸ್ಥ ಕೃಷ್ಣಪ್ರಸಾದರ ಬೀಳ್ಕೊಡುಗೆಗೆ ಐವತ್ತು ಬಲೂನು ಬೇಕಾದದ್ದೇ ಶಿವಪ್ರಸಾದನ ಗ್ರಹಚಾರಕ್ಕೆ ಮೂಲವಾಯಿತು.

"ನಿಮ್ಮ ಲ್ಯಾಬಿನಲ್ಲಿ ಹೀಲಿಯಂ ಇದೆಯಲ್ಲ, ತುಂಬಿಸಿಬಿಡಿ," ಎಂದರು ಅವರು, ಹೀಲಿಯಂ ನಲ್ಲಿಯಲ್ಲಿ ಬರುತ್ತದೆ ಎಂಬಂತೆ.

ಇದ್ದದ್ದು ಒಂದೇ ಸಿಲಿಂಡರ್, ಅದೂ ಇಂದಿನ ಪ್ರಯೋಗಕ್ಕೆ. ಅಣುಸ್ಥಾವರದಲ್ಲಿ ಅಪಘಾತವಾದರೆ ಅದರ ಕಾಂಕ್ರೀಟ್ ಗುಮ್ಮಟದೊಳಗೆ ಉಗಿಯೂ ಹೈಡ್ರೋಜನ್ನೂ ತುಂಬಿಕೊಳ್ಳುತ್ತವೆ. ಉಗಿ ದಟ್ಟವಾಗಿರುವವರೆಗೆ ಹೈಡ್ರೋಜನ್ ಹೊತ್ತಿಕೊಳ್ಳುವುದಿಲ್ಲ. ಉಗಿ ತಣ್ಣನೆಯ ಗೋಡೆಗೆ ತಾಗಿ ನೀರಾಗಿ ಇಳಿದ ಮೇಲೆ ಒಂದು ಕಿಡಿ ಸಾಕು. ಆ ಗಳಿಗೆ ಯಾವಾಗ ಬರುತ್ತದೆಂಬ ಲೆಕ್ಕದಲ್ಲೇ ಶಿವಪ್ರಸಾದ ನಾಗಪುರದ ಈ ಕಾಲೇಜಿನಲ್ಲಿ ಏಳು ವರ್ಷ ಸವೆಸಿದ್ದ. ನೀರಿನ ಟ್ಯಾಂಕಿನಷ್ಟು ದೊಡ್ಡ ಉಕ್ಕಿನ ಪಾತ್ರೆಯಲ್ಲಿ, ಉಗಿಯ ಜೊತೆಗೆ ಹೈಡ್ರೋಜನ್ನಿನ ಬದಲು ಸುಡದ ಹೀಲಿಯಂ ಬಿಟ್ಟು, ಆ ಲೆಕ್ಕವನ್ನು ಇಂದು ಮುಂಬೈಯ ಪರೀಕ್ಷಕ ಪಾಂಡುರಂಗರಾಯರಿಗೆ ತೋರಿಸಬೇಕಿತ್ತು. ಇಂದು ಅವರ ಸಹಿ ಸಿಗದಿದ್ದರೆ ಪಿಎಚ್.ಡಿ. ನೋಂದಣಿಯೇ ರದ್ದು.

ಮುಖ್ಯಸ್ಥರಿಗೆ ಇಲ್ಲವೆನ್ನುವ ಧೈರ್ಯ ಅವನಿಗೆಲ್ಲಿ? ಲ್ಯಾಬಿನ ಸಹಾಯಕ ದತ್ತುವನ್ನು ಮೂಲೆಗೆ ಕರೆದ.

"ಸೀತಾಬರ್ಡಿ ಪ್ಯಾಟ್ಯಾಗಿನ ಬಲೂನಿನವನ ಕಡೆ ಒಂದು ಸಿಲಿಂಡರ್ ತಗೊಂಬಾ. ಅವಂದು ಹೈಡ್ರೋಜನ್, ಯಾರಿಗೂ ಹೇಳಬ್ಯಾಡ. ಬಲೂನ್ ಹೊರಗ ಮರಕ್ಕ ಕಟ್ಟು. ಮಂದಿ ಇರೋ ಕಡೆ ಹೈಡ್ರೋಜನ್ ಇರಬಾರದು, ತಿಳೀತಿಲ್ಲೊ?"

"ಬರೋಬರ್ ತಿಳೀತ್ರಿ," ಎಂದ ಬೆಳಗಾವಿ ಕಡೆಯ ದತ್ತು.

ಮೂರು ಗಂಟೆಗೆ ಪ್ರಯೋಗ ಹೂ ಎತ್ತಿದಂತೆ ನಡೆಯಿತು. ಗೋಡೆಯಾಚೆ ಸಿಲಿಂಡರಿನ ಬಳಿ ನಿಂತು ದತ್ತುವೇ ಅನಿಲ ಬಿಟ್ಟ. ಅಷ್ಟರಲ್ಲಿ ಕರೆಂಟು ಹೋಯಿತು. ಕರೆಂಟಿನ ಬಾಯ್ಲರ್ ಆರಿ ಉಗಿ ನಿಂತಿತು; ಚಾಲೂ ಆದಾಗಲೆಲ್ಲ ಕಿಡಿ ಹಾರಿಸುವ, ಪಾತ್ರೆಯೊಳಗಿನ ಹಳೆಯ ಫ್ಯಾನೂ ನಿಂತಿತು.

"ಖರೇ ಹೈಡ್ರೋಜನ್ ಇದ್ದಿದ್ರ, ಇನ್ನ ನಲವತ್ತು ನಿಮಿಷಕ್ಕ ಅಪಾಯ ಸರ್," ಎಂದ ಶಿವಪ್ರಸಾದ.

ರಾಯರು ಲೆಕ್ಕ ಮೆಚ್ಚಿ ಸಹಿ ಹಾಕಿ, ಕಾಗದವನ್ನು ತಮ್ಮ ಫೈಲಿನಲ್ಲಿಟ್ಟುಕೊಂಡರು. ಶಿವಪ್ರಸಾದನಿಗೆ ಏಳು ವರ್ಷಗಳ ಮೇಲೆ ಮೊದಲ ಸಲ ಹಸಿವಾಯಿತು.

ರಾಯರನ್ನೂ ಕರೆದುಕೊಂಡು ಬೀಳ್ಕೊಡುಗೆಗೆ ಹೋದಾಗ ಆ ಹಸಿವು ಸಭಾಂಗಣದ ಬಾಗಿಲಲ್ಲೇ ಸತ್ತುಹೋಯಿತು. ಬಿಸಿಲಿಗೆ ಬಲೂನು ಒಡೆಯುತ್ತವೆಂದು ಸಹೋದ್ಯೋಗಿ ವಸುಧಾ ಎಲ್ಲವನ್ನೂ ಒಳಗೆ ತಂದು, ಸರಿಯಾಗಿ ದೀಪಸ್ತಂಭದ ಮೇಲೆಯೇ ಗೊಂಚಲು ಕಟ್ಟಿಸಿದ್ದಳು. ಕೃಷ್ಣಪ್ರಸಾದರ ಕೈಯಲ್ಲಿ ಬೆಂಕಿಪೊಟ್ಟಣ. ಮುಂದಿನ ಸಾಲಿನಲ್ಲಿ ಅವರ ಮೊಮ್ಮಕ್ಕಳು.

ಬಾಯಿ ಮುಚ್ಚಿಕೊಂಡರೆ ಡಾಕ್ಟರೇಟು, ತೆರೆದರೆ ಬೀದಿ. ಶಿವಪ್ರಸಾದ ಮಕ್ಕಳ ಕಡೆ ನೋಡಿದ.

"ದೀಪ ಹಚ್ಚಬ್ಯಾಡ್ರಿ ಸರ್. ಅದು ಹೀಲಿಯಂ ಅಲ್ಲ, ಹೈಡ್ರೋಜನ್. ನಾನ ತರಿಸೀನಿ."

ಪಾಂಡುರಂಗರಾಯರು ಫೈಲಿನಿಂದ ಕಾಗದ ತೆಗೆದು ನಾಲ್ಕು ಚೂರು ಮಾಡಿದರು. "ಜನರ ತಲೆ ಮೇಲೆ ಹೈಡ್ರೋಜನ್ ಕಟ್ಟಿಸೋರಿಗೆ ಸುರಕ್ಷತೆಯಲ್ಲಿ ಡಾಕ್ಟರೇಟ್ ಹೇಗಪ್ಪ ಕೊಡೋದು?"

ಬಾಗಿಲ ಬಳಿ ನಿಂತಿದ್ದ ದತ್ತುವಿಗೆ ತಡೆಯಲಾಗಲಿಲ್ಲ. "ಸಾಹೇಬ್ರ, ಬಲೂನದಾಗ ಇರೋದು ನಮ್ಮ ಹೀಲಿಯಂ ರೀ. ಮಂದಿ ಇರೋ ಕಡೆ ಹೈಡ್ರೋಜನ್ ಬ್ಯಾಡ ಅಂದ್ರಲ್ಲ, ಅದಕ್ಕ ಹೈಡ್ರೋಜನ್ನ ಲ್ಯಾಬಿನ ಪಾತ್ರೆಗೆ ಬಿಟ್ಟೀನಿ."

ಶಿವಪ್ರಸಾದ ಗೋಡೆ ಗಡಿಯಾರ ನೋಡಿದ. ಉಗಿ ನಿಂತು ಮೂವತ್ತೊಂಬತ್ತು ನಿಮಿಷ ದಾಟಿತ್ತು. "ಲ್ಯಾಬಿನ ಮೇನ್ ಸ್ವಿಚ್..." ಎನ್ನುವಷ್ಟರಲ್ಲಿ ತಲೆಯ ಮೇಲಿನ ಫ್ಯಾನು ಮೆಲ್ಲನೆ ತಿರುಗತೊಡಗಿತು. ಕರೆಂಟು ಬಂತೆಂದು ಸಭೆ ಚಪ್ಪಾಳೆ ತಟ್ಟಿತು.

ಆ ಚಪ್ಪಾಳೆಯ ಮೇಲೆಯೇ ಲ್ಯಾಬು ಸಿಡಿಯಿತು. ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ.

ಕಿಟಕಿಯ ಗಾಜೆಲ್ಲ ಉದುರಿ ನಿಂತ ಮೇಲೆ ಪಾಂಡುರಂಗರಾಯರು ಕೈಗಡಿಯಾರ ನೋಡಿಕೊಂಡರು.

"ಸರಿಯಾಗಿ ನಲವತ್ತು. ನಿನ್ನ ಲೆಕ್ಕ ತಪ್ಪಿಲ್ಲವಪ್ಪ," ಎಂದವರು ಕಾಲಬುಡದ ಚೂರುಗಳತ್ತ ಬಗ್ಗಿದರು. "ಇದನ್ನು ಅಂಟಿಸಬಹುದು. ಪ್ರಬಂಧದ ಪ್ರತಿ ಎಲ್ಲಿದೆ?"

"ಲ್ಯಾಬಿನಾಗಿತ್ತು ಸರ್," ಎಂದ ಶಿವಪ್ರಸಾದ.